ಮಕ್ಕಳಿಗಾಗಿ ಕಾನೂನನ್ನೇ ಬದಲಿಸಿದ ತಾಯಿ: ಕ್ಯಾರೊಲಿನ್ ನಾರ್ಟನ್

ಹೊಡೆತ ತಿಂದ ಹೆಂಡತಿ ನ್ಯಾಯಾಲಯದ ಮೆಟ್ಟಿಲು ಹತ್ತಬಹುದು, ಮಕ್ಕಳನ್ನು ತನ್ನ ಬಳಿಯೇ ಇರಿಸಿಕೊಳ್ಳಬೇಕೆಂದು ಕೇಳಬಹುದು, ಬದುಕಿನ ಖರ್ಚಿಗೆ ಗಂಡನಿಂದ ಜೀವನಾಂಶ ಪಡೆಯಬಹುದು. ಇದೆಲ್ಲ ಇಂದು ನಮಗೆ ಸಹಜವಾಗಿ ತೋರುತ್ತದೆ. ಆದರೆ ಇನ್ನೂರು ವರ್ಷಗಳ ಹಿಂದೆ, ಪ್ರಪಂಚದ ಅರ್ಧ ಭಾಗಕ್ಕೆ ಕಾನೂನು ಬರೆದು ಕಳುಹಿಸುತ್ತಿದ್ದ ಇಂಗ್ಲೆಂಡಿನಲ್ಲೇ ಸಾಮಾನ್ಯ ಹೆಂಗಸಿಗೆ ಈ ಮೂರರಲ್ಲಿ ಒಂದೂ ಕೈಗೆಟುಕುವಂತಿರಲಿಲ್ಲ. ಈ ಹಕ್ಕುಗಳು ತಾವಾಗಿಯೇ ಬರಲಿಲ್ಲ. ಅವುಗಳ ಹಿಂದೆ ಒಬ್ಬ ತಾಯಿಯ ಕಣ್ಣೀರು, ಹಟ ಮತ್ತು ಲೇಖನಿ ಇದೆ. ಆಕೆಯೇ ಕ್ಯಾರೊಲಿನ್ ನಾರ್ಟನ್. ಆಕೆಯ ಜೀವನಕ್ಕೂ ನಮ್ಮ ಕರಾವಳಿಯ ಕ್ರೈಸ್ತ ಕುಟುಂಬಗಳಿಗೂ ಒಂದು ನೇರ ಸಂಬಂಧವಿದೆ. ಅದನ್ನು ಲೇಖನದ ಕೊನೆಯಲ್ಲಿ ನೋಡೋಣ.

ಹೆಸರಿದ್ದ ಮನೆತನ, ಬರಿದಾದ ಕೈ

ಕ್ಯಾರೊಲಿನ್ ಹುಟ್ಟಿದ್ದು 1808ರ ಮಾರ್ಚ್ 22ರಂದು ಲಂಡನ್ನಿನಲ್ಲಿ. ಪ್ರಖ್ಯಾತ ನಾಟಕಕಾರ ಹಾಗೂ ಸಂಸತ್ ಸದಸ್ಯ ರಿಚರ್ಡ್ ಬ್ರಿನ್ಸ್‌ಲೆ ಶೆರಿಡನ್ ಅವರ ಮೊಮ್ಮಗಳು. ತಂದೆ ಥಾಮಸ್ ಶೆರಿಡನ್ ದಕ್ಷಿಣ ಆಫ್ರಿಕದ ಕೇಪ್ ಪ್ರಾಂತ್ಯಕ್ಕೆ ಕೆಲಸಕ್ಕೆ ಹೋದವರು 1817ರಲ್ಲಿ ಅಲ್ಲೇ ತೀರಿಕೊಂಡರು. ಮನೆತನಕ್ಕೆ ಹೆಸರಿತ್ತು, ಹಣವಿರಲಿಲ್ಲ. ರಾಜಮನೆತನದ ಕೃಪೆಯಿಂದ ಹ್ಯಾಂಪ್ಟನ್ ಕೋರ್ಟ್ ಅರಮನೆಯಲ್ಲಿ ದೊರೆತ ಬಿಡಾರದಲ್ಲಿ ತಾಯಿ ಮಕ್ಕಳನ್ನು ಸಾಕಿದರು.

ವರದಕ್ಷಿಣೆ ಕೊಡಲಾಗದ ಮನೆಯ ಹೆಣ್ಣುಮಕ್ಕಳಿಗೆ ಬೇಗ ಗಂಡು ಹುಡುಕುವ ಆತುರ ಎಲ್ಲ ದೇಶಗಳಲ್ಲೂ ಒಂದೇ. 1827ರಲ್ಲಿ, ಹತ್ತೊಂಬತ್ತರ ಹರೆಯದಲ್ಲಿ, ಕ್ಯಾರೊಲಿನ್ ಅವರ ವಿವಾಹ ಜಾರ್ಜ್ ನಾರ್ಟನ್ ಎಂಬಾತನೊಂದಿಗೆ ನಡೆಯಿತು. ಆತ ವಕೀಲ, ಸಂಸತ್ ಸದಸ್ಯ, ದೊಡ್ಡ ಮನೆತನದ ಕಿರಿಯ ಮಗ. ಹೊರಗಿನವರ ಕಣ್ಣಿಗೆ ಒಳ್ಳೆಯ ಸಂಬಂಧವೇ ಆಗಿತ್ತು.

ಮದುವೆಯಾದ ಕೆಲವೇ ವಾರಗಳಲ್ಲಿ ಹೊಡೆತ ಆರಂಭವಾಯಿತು. ಮಾತಿಗೆ ಮಾತು ಬೆಳೆದಾಗ ಜಾರ್ಜ್ ಹೆಂಡತಿಯ ಪಕ್ಕೆಗೆ ಒದೆಯುತ್ತಿದ್ದ. ಇನ್ನೊಮ್ಮೆ ಕುದಿಯುವ ಕೆಟಲನ್ನು ಆಕೆಯ ಕೈಯ ಮೇಲೆ ಇರಿಸಿ ಸುಟ್ಟ. 1835ರಲ್ಲಿ ಗರ್ಭಿಣಿಯಾಗಿದ್ದಾಗ ಬಿದ್ದ ಪೆಟ್ಟಿನಿಂದ ಗರ್ಭಪಾತವಾಯಿತು. ಇಷ್ಟಾದರೂ ಮನೆಯ ಖರ್ಚು ತೂಗುತ್ತಿದ್ದುದು ಬಹುಮಟ್ಟಿಗೆ ಹೆಂಡತಿಯ ದುಡಿಮೆಯಿಂದ. ಕ್ಯಾರೊಲಿನ್ ಕವಿತೆ ಬರೆಯುತ್ತಿದ್ದರು, ಪತ್ರಿಕೆಗಳ ಸಂಪಾದಕಿಯಾಗಿದ್ದರು. 1829ರಲ್ಲಿ ಪ್ರಕಟವಾದ ಮೊದಲ ಕವನ ಸಂಕಲನದ ಹಣ ಆಕೆಯ ಚೊಚ್ಚಲ ಹೆರಿಗೆಯ ವೆಚ್ಚಕ್ಕೆ ಹೋಯಿತು. ಫ್ಲೆಚರ್, ಬ್ರಿನ್ಸ್‌ಲೆ ಮತ್ತು ವಿಲಿಯಂ ಎಂಬ ಮೂವರು ಗಂಡುಮಕ್ಕಳು ಹುಟ್ಟಿದರು.

ಕ್ಯಾರೊಲಿನ್ ಒಂದೆರಡು ಬಾರಿ ತವರಿನವರ ಆಸರೆಗೆ ಹೋದದ್ದೂ ಉಂಟು. ಪ್ರತಿ ಸಲವೂ ಜಾರ್ಜ್ ಬಂದು ಕ್ಷಮೆ ಕೇಳುತ್ತಿದ್ದ. ಮಕ್ಕಳ ಮುಖ ನೋಡಿ ಆಕೆ ಹಿಂದಿರುಗುತ್ತಿದ್ದರು.

ಕಾನೂನಿನ ಕಣ್ಣಿಗೆ ಕಾಣದ ಹೆಣ್ಣು

1836ರ ಈಸ್ಟರ್ ಹಬ್ಬಕ್ಕೆ ಸ್ವಲ್ಪ ಮುನ್ನ, ಮಕ್ಕಳನ್ನು ಕರೆದುಕೊಂಡು ಅಣ್ಣನ ಮನೆಗೆ ಹೋಗುವ ವಿಷಯದಲ್ಲಿ ಜಗಳವಾಯಿತು. ಮರುದಿನ ಕ್ಯಾರೊಲಿನ್ ಮನೆಗೆ ಮರಳಿದಾಗ ಮಕ್ಕಳಿರಲಿಲ್ಲ. ಜಾರ್ಜ್ ಅವರನ್ನು ತನ್ನ ಕಡೆಯವರ ಮನೆಗೆ ಸಾಗಿಸಿದ್ದ. ಹಿರಿಯವನಿಗೆ ಆರು ವರ್ಷ, ನಡುವಿನವನಿಗೆ ನಾಲ್ಕು, ಕಿರಿಯವನಿಗೆ ಎರಡು.

ಆಗ ಆಕೆಗೆ ಕಾನೂನಿನ ನಿಜರೂಪ ತಿಳಿಯಿತು. ಇಂಗ್ಲೆಂಡಿನ ಅಂದಿನ ಕಾನೂನಿನಂತೆ ಗಂಡ ಹೆಂಡತಿ ಒಂದೇ ವ್ಯಕ್ತಿ, ಆ ವ್ಯಕ್ತಿ ಗಂಡ. ಮಕ್ಕಳು ತಂದೆಯ ಸ್ವತ್ತು. ಎದೆಹಾಲು ಕುಡಿಯುವ ಕೂಸನ್ನೂ ತಂದೆ ತಾಯಿಯಿಂದ ಕಿತ್ತುಕೊಂಡು ತನಗೆ ಇಷ್ಟ ಬಂದವರ ಕೈಗೆ ಕೊಡಬಹುದಿತ್ತು. ಹೆಂಡತಿ ದುಡಿದ ಹಣ ಗಂಡನದ್ದು. ಆಕೆ ಬರೆದ ಪುಸ್ತಕದ ಸಂಭಾವನೆಯೂ ಗಂಡನದ್ದು. ಆಕೆಯ ಬಟ್ಟೆಬರೆ, ಒಡವೆ, ತವರಿನಿಂದ ಬಂದ ಉಡುಗೊರೆ ಎಲ್ಲವೂ ಗಂಡನದ್ದು. ಮದುವೆಯಾದ ಹೆಂಗಸು ತನ್ನ ಹೆಸರಿನಲ್ಲಿ ದಾವೆ ಹೂಡುವಂತಿರಲಿಲ್ಲ, ಕರಾರು ಮಾಡಿಕೊಳ್ಳುವಂತಿರಲಿಲ್ಲ.

ಅದೇ ವರ್ಷದ ಜೂನ್‌ನಲ್ಲಿ ಜಾರ್ಜ್ ಇನ್ನೊಂದು ಹೆಜ್ಜೆ ಇಟ್ಟ. ಆಗಿನ ಪ್ರಧಾನಿ ಲಾರ್ಡ್ ಮೆಲ್ಬರ್ನ್ ಕ್ಯಾರೊಲಿನ್ ಅವರ ಸ್ನೇಹಿತರು. ಆಕೆಯ ಶಿಫಾರಸಿನಿಂದಲೇ ಅವರು ಹಿಂದೆ ಜಾರ್ಜ್‌ಗೆ ಮ್ಯಾಜಿಸ್ಟ್ರೇಟ್ ಹುದ್ದೆ ಕೊಡಿಸಿದ್ದರು. ಆ ಮೆಲ್ಬರ್ನ್ ತನ್ನ ಹೆಂಡತಿಯೊಂದಿಗೆ ಅನೈತಿಕ ಸಂಬಂಧ ಇರಿಸಿಕೊಂಡಿದ್ದಾರೆ ಎಂದು ಜಾರ್ಜ್ 10,000 ಪೌಂಡ್ ಪರಿಹಾರ ಕೇಳಿ ದಾವೆ ಹೂಡಿದ. ಇಡೀ ದೇಶ ಆ ಮೊಕದ್ದಮೆಯನ್ನು ನೋಡಿತು. ಸಾಕ್ಷಿ ಹೇಳಿದವರು ಹೆಚ್ಚಾಗಿ ಕೆಲಸದಿಂದ ತೆಗೆದುಹಾಕಲ್ಪಟ್ಟ ಆಳುಗಳು. ಜ್ಯೂರಿಯವರು ಕುಳಿತಲ್ಲಿಂದ ಏಳದೆಯೇ ಮೆಲ್ಬರ್ನ್ ನಿರ್ದೋಷಿ ಎಂದರು. ಆದರೆ ಯಾರ ಮಾನ ಬೀದಿಪಾಲಾಗುತ್ತಿತ್ತೋ ಆ ಹೆಂಗಸು ಮೊಕದ್ದಮೆಯಲ್ಲಿ ಕಕ್ಷಿದಾರಳೂ ಅಲ್ಲ, ಸಾಕ್ಷಿಯೂ ಅಲ್ಲ. ತನ್ನ ಪರವಾಗಿ ಒಂದು ಮಾತು ಹೇಳಲು ಆಕೆಗೆ ಅವಕಾಶವಿರಲಿಲ್ಲ.

ಹಾಗಾದರೆ ಆಕೆ ಬೇರ್ಪಡೆ ಕೇಳಬಹುದಿತ್ತಲ್ಲವೇ? ವಿವಾಹದ ವ್ಯಾಜ್ಯಗಳು ಅಂದು ಇಂಗ್ಲೆಂಡಿನ ಆಂಗ್ಲಿಕನ್ ಸಭೆಯ ನ್ಯಾಯಾಲಯಗಳಲ್ಲಿ ನಡೆಯುತ್ತಿದ್ದವು. ಕ್ರೌರ್ಯದ ಕಾರಣಕ್ಕೆ ಬೇರೆ ವಾಸಿಸಲು ಅಲ್ಲಿ ಅನುಮತಿ ದೊರೆಯುತ್ತಿತ್ತು. ಆದರೆ ಹೊಡೆತದ ನಂತರ ಹೆಂಡತಿ ಗಂಡನ ಮನೆಗೆ ಮರಳಿದ್ದರೆ ಆಕೆ ಅವನನ್ನು ಕ್ಷಮಿಸಿದ್ದಾಳೆ ಎಂದೇ ಅರ್ಥ. ಹಳೆಯ ಹೊಡೆತದ ಮೇಲೆ ದೂರು ಕೊಡುವಂತಿಲ್ಲ. ಮಕ್ಕಳಿಗಾಗಿ ಹಿಂದಿರುಗಿದ್ದೇ ಕ್ಯಾರೊಲಿನ್ ಅವರ ಕೈ ಕಟ್ಟಿಹಾಕಿತು. ಪೂರ್ಣ ವಿಚ್ಛೇದನಕ್ಕೆ ಸಂಸತ್ತಿನಲ್ಲಿ ಪ್ರತ್ಯೇಕ ಕಾಯಿದೆಯನ್ನೇ ಮಾಡಿಸಬೇಕಾಗಿತ್ತು. 1857ಕ್ಕೆ ಮುಂಚೆ ಆ ದಾರಿಯಲ್ಲಿ ಬಿಡುಗಡೆ ಪಡೆದ ಹೆಂಗಸರು ನಾಲ್ವರೇ.

ಮೊದಲ ಕಾನೂನು: 1839

ಕ್ಯಾರೊಲಿನ್ ಅವರ ಬಳಿ ಇದ್ದ ಆಯುಧ ಲೇಖನಿಯೊಂದೇ. 1837ರಲ್ಲಿ ಆಕೆ ತಾಯಿಯಿಂದ ಮಕ್ಕಳನ್ನು ಅಗಲಿಸುವ ಕಾನೂನಿನ ವಿರುದ್ಧ ಕಿರುಪುಸ್ತಕ ಬರೆದು ಮುದ್ರಿಸಿದರು. ತನ್ನ ಗೋಳನ್ನಷ್ಟೇ ತೋಡಿಕೊಳ್ಳದೆ, ನ್ಯಾಯಾಲಯಗಳಲ್ಲಿ ತೀರ್ಪಾದ ಬೇರೆ ತಾಯಂದಿರ ಪ್ರಕರಣಗಳನ್ನು ಮುಂದಿಟ್ಟರು. ಥಾಮಸ್ ಟಾಲ್ಫರ್ಡ್ ಎಂಬ ವಕೀಲ ಸಂಸತ್ ಸದಸ್ಯರು ಮಸೂದೆ ಮಂಡಿಸಲು ಒಪ್ಪಿದರು. 1838ರಲ್ಲಿ ಅದು ಕೆಳಮನೆಯಲ್ಲಿ ಅಂಗೀಕಾರವಾದರೂ ಲಾರ್ಡ್ಸ್ ಸಭೆಯಲ್ಲಿ ಸೋತಿತು. ಮಸೂದೆಯನ್ನು ಬೆಂಬಲಿಸಿದ್ದಕ್ಕೆ ಪತ್ರಿಕೆಗಳು ಆಕೆಯ ಶೀಲದ ಮೇಲೆಯೇ ಕೆಸರೆರಚಿದವು.

ಆಕೆ ಬಿಡಲಿಲ್ಲ. ಹೆಂಗಸು ಬರೆದದ್ದೆಂದರೆ ಓದದೆ ಬದಿಗಿಡುವವರಿದ್ದಾರೆಂದು ಗಂಡಸಿನ ಹೆಸರು ಇಟ್ಟುಕೊಂಡು ಲಾರ್ಡ್ ಚಾನ್ಸಲರರಿಗೆ ಬಹಿರಂಗ ಪತ್ರ ಬರೆದು, ಅದು ಸಂಸತ್ ಸದಸ್ಯರ ಕೈಸೇರುವಂತೆ ನೋಡಿಕೊಂಡರು. 1839ರಲ್ಲಿ ಮಸೂದೆ ಕಾನೂನಾಯಿತು. ವ್ಯಭಿಚಾರದ ಆರೋಪ ಸಾಬೀತಾಗದ ತಾಯಿ, ಏಳು ವರ್ಷದೊಳಗಿನ ಮಕ್ಕಳನ್ನು ತನ್ನ ವಶಕ್ಕೆ ಕೊಡಬೇಕೆಂದೂ ದೊಡ್ಡ ಮಕ್ಕಳನ್ನು ನೋಡಲು ಬಿಡಬೇಕೆಂದೂ ನ್ಯಾಯಾಲಯವನ್ನು ಕೇಳಬಹುದಾಯಿತು. ಮಕ್ಕಳ ಮೇಲೆ ತಾಯಿಗೂ ಹಕ್ಕಿದೆ ಎಂದು ಇಂಗ್ಲೆಂಡಿನ ಸಂಸತ್ತು ಒಪ್ಪಿದ್ದು ಅದೇ ಮೊದಲು.

ಆದರೆ ಆ ಕಾನೂನು ಮಾಡಿಸಿದ ತಾಯಿಗೆ ಅದರ ಫಲ ಸಿಗಲಿಲ್ಲ. ಜಾರ್ಜ್ ಮಕ್ಕಳನ್ನು ಸ್ಕಾಟ್ಲೆಂಡಿನಲ್ಲಿ ಇರಿಸಿದ್ದ. ಅಲ್ಲಿ ಇಂಗ್ಲೆಂಡಿನ ಕಾನೂನು ನಡೆಯುತ್ತಿರಲಿಲ್ಲ. 1842ರ ಸೆಪ್ಟೆಂಬರ್‌ನಲ್ಲಿ ಎಂಟು ವರ್ಷ ದಾಟಿದ ಕಿರಿಯ ಮಗ ವಿಲಿಯಂ ಕುದುರೆ ಸವಾರಿ ಮಾಡುವಾಗ ಬಿದ್ದ. ಗಾಯ ಸಣ್ಣದು, ಆರೈಕೆ ಸಿಗದೆ ನಂಜೇರಿತು. ತಾಯಿಗೆ ಹೇಳಿಕಳುಹಿಸಿದ್ದು ತಡವಾಗಿ. ಆಕೆ ತಲುಪಿದಾಗ ಮಗ ಉಳಿದಿರಲಿಲ್ಲ. ಆ ಸಾವಿನ ಬಳಿಕವೇ ಜಾರ್ಜ್ ಉಳಿದ ಇಬ್ಬರನ್ನು ತಾಯಿಯ ಬಳಿ ಹೋಗಿ ಬರಲು ಬಿಟ್ಟದ್ದು.

ಹಣದ ಪ್ರಶ್ನೆ

ಮಕ್ಕಳ ನಂತರ ಎದುರಾದದ್ದು ಹೊಟ್ಟೆಪಾಡಿನ ಪ್ರಶ್ನೆ. 1848ರಲ್ಲಿ ಜಾರ್ಜ್‌ಗೆ ಕುಟುಂಬದ ಹಣದ ಮೇಲೆ ಸಾಲ ಎತ್ತಲು ಹೆಂಡತಿಯ ಸಹಿ ಬೇಕಾಯಿತು. ಸಹಿಗೆ ಬದಲಾಗಿ ವರ್ಷಕ್ಕೆ 500 ಪೌಂಡ್ ಕೊಡುವುದಾಗಿ ಲಿಖಿತ ಒಪ್ಪಂದ ಮಾಡಿಕೊಟ್ಟ. 1851ರಲ್ಲಿ ಕ್ಯಾರೊಲಿನ್ ಅವರ ತಾಯಿ ತೀರಿಕೊಂಡು ಮಗಳಿಗೆ ವರ್ಷಕ್ಕೆ 480 ಪೌಂಡ್ ಬರುವಂತೆ ಬಿಟ್ಟುಹೋದರು. ಅದನ್ನು ನೆಪಮಾಡಿ ಜಾರ್ಜ್ ತಾನು ಒಪ್ಪಿದ ಹಣ ನಿಲ್ಲಿಸಿದ. ಅಂಗಡಿಯವರ ಬಾಕಿ ಬೆಳೆಯಿತು. 1853ರಲ್ಲಿ ವೆಸ್ಟ್‌ಮಿನ್‌ಸ್ಟರ್ ಕೌಂಟಿ ನ್ಯಾಯಾಲಯದಲ್ಲಿ ಸಾಲಗಾರರ ದಾವೆ ನಡೆದಾಗ ಒಪ್ಪಂದದ ಪತ್ರ ಹೊರಬಂತು. ಗಂಡ ಹೆಂಡತಿ ಒಂದೇ ವ್ಯಕ್ತಿಯಾದ್ದರಿಂದ ಅವರ ನಡುವಿನ ಒಪ್ಪಂದಕ್ಕೆ ಕಾನೂನಿನ ಬೆಲೆಯಿಲ್ಲ ಎಂಬುದು ಜಾರ್ಜ್‌ನ ವಾದ. ಕಾನೂನು ಅವನ ಪರವಾಗಿಯೇ ಇತ್ತು. ಇಷ್ಟು ಸಾಲದೆಂಬಂತೆ ಆಕೆಯ ಪುಸ್ತಕಗಳ ಆದಾಯ ಎಷ್ಟೆಂದು ತಿಳಿಯಲು ಪ್ರಕಾಶಕರಿಗೂ ನ್ಯಾಯಾಲಯದ ಕರೆ ಕಳುಹಿಸಿದ್ದ.

ಆ ಅವಮಾನದಿಂದ ಎರಡು ಬರಹಗಳು ಹುಟ್ಟಿದವು. 1854ರಲ್ಲಿ ಹೆಂಗಸರ ಕುರಿತ ಇಂಗ್ಲೆಂಡಿನ ಕಾನೂನುಗಳ ಬಗ್ಗೆ ಒಂದು ಪುಸ್ತಕ. 1855ರಲ್ಲಿ, ಲಾರ್ಡ್ ಚಾನ್ಸಲರ್ ಕ್ರಾನ್ವರ್ತ್ ತಂದಿದ್ದ ವಿವಾಹ ಮಸೂದೆಯ ಕುರಿತು ರಾಣಿ ವಿಕ್ಟೋರಿಯಾರಿಗೆ ಒಂದು ಬಹಿರಂಗ ಪತ್ರ. ದೇಶದ ಸಿಂಹಾಸನದ ಮೇಲೆ ಹೆಣ್ಣೊಬ್ಬಳು ಕುಳಿತಿದ್ದಾಳೆ, ಆದರೆ ಅದೇ ದೇಶದ ವಿವಾಹಿತ ಹೆಣ್ಣಿಗೆ ತಾನು ದುಡಿದ ಒಂದು ಪೌಂಡನ್ನೂ ಉಳಿಸಿಕೊಳ್ಳುವ ಹಕ್ಕಿಲ್ಲ ಎಂಬ ವೈಪರೀತ್ಯವನ್ನು ಆ ಪತ್ರ ಬಿಡಿಸಿಟ್ಟಿತು. ಇದೇ ಸಮಯದಲ್ಲಿ ಬಾರ್ಬರಾ ಲೀ ಸ್ಮಿತ್ ಮತ್ತು ಅವರ ಸಂಗಡಿಗರು ವಿವಾಹಿತ ಸ್ತ್ರೀಯರ ಆಸ್ತಿ ಹಕ್ಕಿಗಾಗಿ ಮನೆಮನೆಗೂ ಹೋಗಿ ಸುಮಾರು 26,000 ಸಹಿ ಸಂಗ್ರಹಿಸಿ 1856ರಲ್ಲಿ ಸಂಸತ್ತಿಗೆ ಒಪ್ಪಿಸಿದರು.

1857ರ ವಿವಾಹ ವ್ಯಾಜ್ಯಗಳ ಕಾಯಿದೆಯಲ್ಲಿ ಇದರ ಫಲ ಕಂಡಿತು. ಗಂಡ ಬಿಟ್ಟುಹೋದ ಹೆಂಡತಿ ತನ್ನ ದುಡಿಮೆಯನ್ನು ಅವನಿಂದಲೂ ಅವನ ಸಾಲಗಾರರಿಂದಲೂ ರಕ್ಷಿಸಿಕೊಳ್ಳುವ ಆಜ್ಞೆ ಪಡೆಯಬಹುದಾಯಿತು. ಜೀವನಾಂಶವನ್ನು ನೇರವಾಗಿ ಆಕೆಗೆ ಅಥವಾ ಆಕೆಯ ಪರವಾದ ಧರ್ಮದರ್ಶಿಗೆ ಕೊಡಿಸಬಹುದಾಯಿತು. ನ್ಯಾಯಾಲಯದಿಂದ ಬೇರ್ಪಟ್ಟ ಹೆಂಡತಿ ಆಸ್ತಿ ಹೊಂದಬಹುದು, ಕರಾರು ಮಾಡಬಹುದು, ದಾವೆ ಹೂಡಬಹುದು ಎಂದಾಯಿತು. ಈ ಒಂದೊಂದು ಕಲಮಿನ ಹಿಂದೆಯೂ ಕ್ಯಾರೊಲಿನ್ ಅವರ ಬದುಕಿನ ಒಂದೊಂದು ಗಾಯವಿತ್ತು.

ಕೊರತೆಗಳೂ ಇದ್ದವು. ಗಂಡನಿಗೆ ಹೆಂಡತಿಯ ವ್ಯಭಿಚಾರವೊಂದೇ ವಿಚ್ಛೇದನಕ್ಕೆ ಸಾಕಾಗಿತ್ತು. ಹೆಂಡತಿಗಾದರೋ ಗಂಡನ ವ್ಯಭಿಚಾರದ ಜೊತೆಗೆ ಕ್ರೌರ್ಯ, ಪರಿತ್ಯಾಗದಂಥ ಇನ್ನೊಂದು ಅಪರಾಧವನ್ನೂ ಸಾಬೀತು ಮಾಡಬೇಕಿತ್ತು. ಹೊಸ ನ್ಯಾಯಾಲಯ ಇದ್ದದ್ದು ಲಂಡನ್ನಿನಲ್ಲಿ. ಕೂಲಿಕಾರನ ಹೆಂಡತಿಗೆ ಅಲ್ಲಿಗೆ ಹೋಗುವ ಹಣವೆಲ್ಲಿ? ಈ ಕೊರತೆಯನ್ನು ತುಂಬಲು ಇನ್ನೊಬ್ಬ ಮಹಿಳೆ ಬರಬೇಕಾಯಿತು. ಐರ್ಲೆಂಡ್ ಮೂಲದ ಲೇಖಕಿ ಫ್ರಾನ್ಸಿಸ್ ಪವರ್ ಕಾಬ್ 1878ರಲ್ಲಿ ಹೆಂಡತಿಯರ ಮೇಲಿನ ಹಿಂಸೆಯ ಬಗ್ಗೆ ಪ್ರಬಲ ಲೇಖನ ಬರೆದರು. ಹೊಡೆಯುವ ಗಂಡನಿಗೆ ಛಡಿಯೇಟು ಕೊಡಬೇಕೆಂದು ಹಲವರು ಕೂಗುತ್ತಿದ್ದಾಗ, ಏಟು ತಿಂದು ಮನೆಗೆ ಬಂದವನು ಯಾರ ಮೇಲೆ ಸೇಡು ತೀರಿಸುತ್ತಾನೆ ಎಂದು ಅವರು ಯೋಚಿಸಿದರು. ಹೆಣ್ಣಿಗೆ ಬೇಕಾದದ್ದು ಬೇರೆ ಸೂರು ಮತ್ತು ಆ ಸೂರಿಗೆ ಹಣ. ಅದೇ ವರ್ಷ ಬಂದ ಕಾಯಿದೆಯು, ಹೆಂಡತಿಯ ಮೇಲೆ ಘೋರ ಹಲ್ಲೆ ಮಾಡಿ ಶಿಕ್ಷೆಗೊಳಗಾದ ಗಂಡನಿಂದ ಆಕೆಯನ್ನು ಬೇರ್ಪಡಿಸಿ, ವಾರವಾರ ಹಣ ಕೊಡಿಸಿ, ಹತ್ತು ವರ್ಷದೊಳಗಿನ ಮಕ್ಕಳನ್ನು ಆಕೆಗೆ ಒಪ್ಪಿಸುವ ಅಧಿಕಾರವನ್ನು ಸ್ಥಳೀಯ ಮ್ಯಾಜಿಸ್ಟ್ರೇಟರಿಗೇ ಕೊಟ್ಟಿತು.

ಕೊನೆಯ ದಿನಗಳು

ಕ್ಯಾರೊಲಿನ್ ಅದನ್ನು ನೋಡಲು ಬದುಕಿರಲಿಲ್ಲ. 1859ರಲ್ಲಿ ಹಿರಿಯ ಮಗ ಫ್ಲೆಚರ್ ಕ್ಷಯರೋಗದಿಂದ ಪ್ಯಾರಿಸ್ಸಿನಲ್ಲಿ ತೀರಿಕೊಂಡ. 1875ರಲ್ಲಿ ಜಾರ್ಜ್ ಸತ್ತ ಬಳಿಕವೇ ಆಕೆಗೆ ಆ ಬಂಧನದಿಂದ ಬಿಡುಗಡೆ. 1877ರ ಮಾರ್ಚ್‌ನಲ್ಲಿ ಹಳೆಯ ಸ್ನೇಹಿತ ಸರ್ ವಿಲಿಯಂ ಸ್ಟರ್ಲಿಂಗ್ ಮ್ಯಾಕ್ಸ್‌ವೆಲ್ ಅವರನ್ನು ವಿವಾಹವಾದರು. ಜೂನ್ 15ರಂದು ನಿಧನರಾದರು. ನೆಮ್ಮದಿಯ ದಾಂಪತ್ಯ ಆಕೆಗೆ ದಕ್ಕಿದ್ದು ಮೂರೂವರೆ ತಿಂಗಳು.

ಆಕೆಯನ್ನು ಕ್ರಾಂತಿಕಾರಿ ಎನ್ನಲಾಗದು. ಗಂಡು ಹೆಣ್ಣು ಸಮಾನರೆಂಬ ವಾದವನ್ನು ಆಕೆ ಒಪ್ಪಿರಲಿಲ್ಲ. ಆಕೆ ಕೇಳಿದ್ದು ರಕ್ಷಣೆ ಮಾತ್ರ: ಬಲವಿದ್ದವನ ಕೈಯಿಂದ ಬಲವಿಲ್ಲದವಳಿಗೆ ಕಾನೂನಿನ ಆಸರೆ. ಲಾರ್ಡ್ಸ್ ಸಭಾಂಗಣದ ಗೋಡೆಯ ಮೇಲೆ ಚಿತ್ರಕಾರ ಡೇನಿಯಲ್ ಮೆಕ್ಲೀಸ್ ನ್ಯಾಯದೇವತೆಯ ಚಿತ್ರ ಬರೆದಾಗ ಅದಕ್ಕೆ ಮಾದರಿಯಾದದ್ದು ಕ್ಯಾರೊಲಿನ್ ಅವರ ಮುಖ. ನ್ಯಾಯ ಸಿಗದವಳ ಮುಖವೇ ನ್ಯಾಯದ ಮುಖವಾಯಿತು. 2021ರಲ್ಲಿ ಲಂಡನ್ನಿನಲ್ಲಿ ಆಕೆ ವಾಸಿಸಿದ್ದ ಮನೆಗೆ ಸ್ಮಾರಕ ಫಲಕ ಹಾಕಲಾಯಿತು.

ನಮಗೇನು ಸಂಬಂಧ?

ಸಂಬಂಧವಿದೆ. 1857ರ ಆ ಇಂಗ್ಲಿಷ್ ಕಾನೂನಿನ ಅಚ್ಚಿನಲ್ಲೇ 1869ರ ಭಾರತೀಯ ವಿಚ್ಛೇದನ ಕಾಯಿದೆ ತಯಾರಾಯಿತು. ಅದು ಅನ್ವಯವಾದದ್ದು ಈ ದೇಶದ ಕ್ರೈಸ್ತರಿಗೆ. ಆಗ ಮದ್ರಾಸ್ ಪ್ರಾಂತ್ಯಕ್ಕೆ ಸೇರಿದ್ದ ನಮ್ಮ ದಕ್ಷಿಣ ಕನ್ನಡದ ಕ್ರೈಸ್ತರಿಗೂ. ಜೀವನಾಂಶ, ಮಕ್ಕಳ ವಶ, ನ್ಯಾಯಾಲಯದ ಮೂಲಕ ಪ್ರತ್ಯೇಕ ವಾಸ ಇವೆಲ್ಲ ಅದರಲ್ಲಿ ಬಂದವು. ಮೂಲದ ಕೊರತೆಯೂ ಜೊತೆಗೇ ಬಂತು. ಇಂಗ್ಲೆಂಡ್ ಆ ತಾರತಮ್ಯವನ್ನು 1923ರಲ್ಲಿ ತೆಗೆದುಹಾಕಿತು. ನಮ್ಮಲ್ಲಿ ಕ್ರೈಸ್ತ ಹೆಂಗಸಿಗೆ ಕ್ರೌರ್ಯವೊಂದೇ ಕಾರಣವಾಗಿ ಸಾಲುವಂತೆ ಸಂಸತ್ತು ತಿದ್ದುಪಡಿ ಮಾಡಿದ್ದು 2001ರಲ್ಲಿ. ಅದೇ ವರ್ಷ ದಂಡ ಪ್ರಕ್ರಿಯಾ ಸಂಹಿತೆಯ 125ನೇ ಕಲಮಿನಲ್ಲಿ ಜೀವನಾಂಶಕ್ಕಿದ್ದ ತಿಂಗಳಿಗೆ 500 ರೂಪಾಯಿಯ ಮಿತಿಯೂ ಹೋಯಿತು. ಆ ಅವಕಾಶ ಈಗ ನಾಗರಿಕ ಸುರಕ್ಷಾ ಸಂಹಿತೆಯ 144ನೇ ಕಲಮಿನಲ್ಲಿದೆ.

2006ರ ಅಕ್ಟೋಬರ್ 26ರಂದು ಜಾರಿಗೆ ಬಂದ 2005ರ ಕೌಟುಂಬಿಕ ಹಿಂಸೆಯಿಂದ ಮಹಿಳೆಯರ ರಕ್ಷಣಾ ಕಾಯಿದೆ ಇನ್ನೂ ಮುಂದೆ ಹೋಯಿತು. ವಿಚ್ಛೇದನ ಕೇಳದೆಯೇ ರಕ್ಷಣೆಯ ಆದೇಶ, ಗಂಡನ ಮನೆಯಲ್ಲೇ ವಾಸಿಸುವ ಹಕ್ಕು, ಹಣದ ನೆರವು, ಮಕ್ಕಳ ವಶ, ಪರಿಹಾರ ಎಲ್ಲವನ್ನೂ ಮ್ಯಾಜಿಸ್ಟ್ರೇಟರ ಮುಂದೆ ಒಟ್ಟಿಗೆ ಕೇಳಬಹುದು. ವಿಚ್ಛೇದನಕ್ಕೆ ಮನಸ್ಸೊಪ್ಪದ ಕಥೋಲಿಕ ಸಹೋದರಿಯರಿಗೆ ಇದು ಮುಖ್ಯವಾದ ಮಾತು. ಆದಾಯ ಎಷ್ಟೇ ಇರಲಿ, ಹೆಂಗಸರಿಗೆ ಉಚಿತ ಕಾನೂನು ನೆರವು 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯಿದೆಯಂತೆ ದೊರೆಯುತ್ತದೆ. ಸಹಾಯವಾಣಿ 181 ಇದೆ. ನಿರ್ಭಯಾ ನಿಧಿಯ ಹಣದಿಂದ 2015ರಲ್ಲಿ ಆರಂಭವಾದ ಸಖಿ ಕೇಂದ್ರಗಳಲ್ಲಿ ಚಿಕಿತ್ಸೆ, ಪೊಲೀಸ್ ಮತ್ತು ಕಾನೂನು ಸಹಾಯ, ತಾತ್ಕಾಲಿಕ ಆಸರೆ ಒಂದೇ ಕಡೆ ಸಿಗುತ್ತವೆ. ನೋಂದಾಯಿತ ಸೇವಾಸಂಸ್ಥೆಗಳು ಈ ಕಾಯಿದೆಯಡಿ ಸೇವೆ ಒದಗಿಸುವವರಾಗಿ ಹೆಸರು ದಾಖಲಿಸಿಕೊಳ್ಳಬಹುದು. ನಮ್ಮ ಸಂಸ್ಥೆಗಳು ಇದರ ಕಡೆ ಗಮನ ಕೊಡಲಿ.

ಆದರೆ ಕಾನೂನಿಗಿಂತ ಮೊದಲು ಆ ಸಹೋದರಿ ಬರುವುದು ನಮ್ಮ ಬಳಿ: ಧರ್ಮಗುರುಗಳ ಬಳಿ, ವಾಳೆಯ ಗುರಿಕಾರರ ಬಳಿ, ಧರ್ಮಭಗಿನಿಯರ ಬಳಿ, ಸ್ತ್ರೀ ಸಂಘಟನೆಯ ಪದಾಧಿಕಾರಿಗಳ ಬಳಿ. ಆಗ ನಾವು ಏನು ಹೇಳುತ್ತೇವೆ? ಸ್ವಲ್ಪ ಹೊಂದಿಕೊಂಡು ಹೋಗು, ಮಕ್ಕಳ ಮುಖ ನೋಡು, ಪ್ರಾರ್ಥನೆ ಮಾಡು ಎಂದು ಸಮಾಧಾನ ಹೇಳಿ ಮನೆಗೆ ಕಳುಹಿಸುವುದು ಸುಲಭ. ಕ್ಯಾರೊಲಿನ್ ಅವರನ್ನೂ ಹಾಗೆಯೇ ಕಳುಹಿಸಲಾಯಿತು. ಮರಳಿ ಹೋದದ್ದನ್ನೇ ಕ್ಷಮೆಯೆಂದು ಬರೆದುಕೊಂಡು, ಮುಂದೆ ಆಕೆಯ ಬಾಯಿ ಮುಚ್ಚಿಸಲಾಯಿತು. ಕ್ಷಮೆ ದೊಡ್ಡ ಗುಣ. ಆದರೆ ಕ್ಷಮಿಸಿದವಳು ಮತ್ತೆ ಪೆಟ್ಟು ತಿನ್ನಲೇಬೇಕೆಂದು ಶುಭಸಂದೇಶ ಎಲ್ಲಿಯೂ ಹೇಳುವುದಿಲ್ಲ.

ಧರ್ಮಸಭೆಯ ಕಾನೂನು ಕೂಡ ಹಾಗೆ ಹೇಳುವುದಿಲ್ಲ. ಸಂಗಾತಿಯಿಂದ ದೇಹಕ್ಕೋ ಆತ್ಮಕ್ಕೋ ಗಂಭೀರ ಅಪಾಯವಿದ್ದರೆ ಬೇರೆಯಾಗಿ ವಾಸಿಸಲು ಕಾನೊನ್ 1153 ಅವಕಾಶ ಕೊಡುತ್ತದೆ; ತಡಮಾಡಿದರೆ ಅಪಾಯವೆಂದಾದರೆ ಆಕೆ ತಾನಾಗಿಯೇ ಹೊರಟು ಬರಬಹುದು. ಪೋಪ್ ಫ್ರಾನ್ಸಿಸ್ 2016ರ ಅಮೋರಿಸ್ ಲೆತೀಸಿಯಾ ಪತ್ರದಲ್ಲಿ, ಹಿಂಸೆಯಿಂದ ದುರ್ಬಲರನ್ನೂ ಮಕ್ಕಳನ್ನೂ ಪಾರುಮಾಡಬೇಕಾದಾಗ ಬೇರ್ಪಡುವುದು ನೈತಿಕವಾಗಿ ಅಗತ್ಯವೂ ಆಗಬಹುದೆಂದು ತಿಳಿಸಿದರು. ವಿವಾಹ ಸಿದ್ಧತಾ ಶಿಬಿರಗಳಲ್ಲಿ ಈ ಮಾತನ್ನು ಎಷ್ಟು ಮಂದಿ ಯುವಕ ಯುವತಿಯರು ಕೇಳಿದ್ದಾರೆ?

ಪ್ರಿಯ ಓದುಗರೇ, ಕಾನೂನು ಪುಸ್ತಕದಲ್ಲಿದ್ದರೆ ಸಾಲದು. ನ್ಯಾಯಾಲಯಕ್ಕೆ ಹೋಗುವ ಬಸ್ಸಿನ ಖರ್ಚು, ಆ ರಾತ್ರಿ ಮಲಗಲು ಒಂದು ಕೋಣೆ, ಮಕ್ಕಳ ಶಾಲೆಯ ಶುಲ್ಕ ಇವಿಲ್ಲದೆ ಯಾವ ಹಕ್ಕೂ ಕೈಗೆ ಬರುವುದಿಲ್ಲ. ಹಬ್ಬಕ್ಕೆ, ಬ್ಯಾಂಡಿಗೆ, ದೀಪಾಲಂಕಾರಕ್ಕೆ ನಮ್ಮ ಚರ್ಚುಗಳಲ್ಲಿ ಹಣದ ಕೊರತೆ ಕಂಡಿಲ್ಲ. ಪ್ರತಿ ಚರ್ಚಿನ ಪಾಲನಾ ಪರಿಷತ್ತು ವರ್ಷದ ಬಜೆಟಿನಲ್ಲಿ ಇಂಥ ಸಹೋದರಿಯರಿಗಾಗಿ ಒಂದು ಸಣ್ಣ ಮೊತ್ತವನ್ನು ಹೆಸರು ಬಹಿರಂಗವಾಗದಂತೆ ತೆಗೆದಿರಿಸಲಿ. ಸೂಚನಾ ಫಲಕದಲ್ಲಿ 181 ಸಂಖ್ಯೆಯನ್ನು ದೊಡ್ಡ ಅಕ್ಷರಗಳಲ್ಲಿ ಬರೆಸಲಿ. ವಾಳೆಗೊಬ್ಬರು, ರಾತ್ರಿ ಬಾಗಿಲು ತಟ್ಟಿದರೆ ತೆರೆಯುವವರು, ಇರಲಿ. ಮುಂದಿನ ಪಾಲನಾ ಪರಿಷತ್ ಸಭೆಯ ಕಾರ್ಯಸೂಚಿಯಲ್ಲಿ ಈ ವಿಷಯವನ್ನು ಸೇರಿಸಲು ಕಾರ್ಯದರ್ಶಿಗಳಿಗೆ ನೆನಪಿಸುವ ಕೆಲಸ ನಿಮ್ಮದಾಗಲಿ.